ಪ್ರಾಣಿರೂಪದ ಮಜೋಲಿಕಾ ಟೀಪಾಟ್ ಕೊಳ್ಳುವ ಮುನ್ನ

1851ರ ಲಂಡನ್ ಮಹಾಪ್ರದರ್ಶನದಲ್ಲಿ ಮಿಂಟನ್ ಎಂಬ ಪಿಂಗಾಣಿ ಕಾರ್ಖಾನೆಯು ಮಜೋಲಿಕಾವನ್ನು, ಅಂದರೆ ಗಾಜಿನಂಥ ಬಣ್ಣದ ಮೆರುಗು ಹಚ್ಚಿದ ಮಣ್ಣಿನ ಪಾತ್ರೆಗಳನ್ನು, ಜನರ ಮುಂದಿಟ್ಟ ಮೇಲೆ, ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಚಹಾ ಮೇಜಿನ ಮೇಲೆ ಕೋತಿ, ಆಮೆ, ಹುಂಜಗಳು ಟೀಪಾಟ್‌ಗಳಾಗಿ ಬಂದು ಕುಳಿತವು. ಕೊಳ್ಳುವವರು ಮೊದಲು ಪಾತ್ರೆಯ ತಳವನ್ನು ನೋಡಬೇಕು. ಅಲ್ಲಿರುವ ವಜ್ರಾಕೃತಿಯ ನೋಂದಣಿ ಗುರುತು 1842ರಿಂದ 1883ರವರೆಗೆ ಬಳಕೆಯಲ್ಲಿತ್ತು. ಅದು ವಿನ್ಯಾಸ ನೋಂದಣಿಯಾದ ದಿನವನ್ನು ಹೇಳುತ್ತದೆಯೇ ಹೊರತು ಪಾತ್ರೆ ತಯಾರಾದ ದಿನವನ್ನಲ್ಲ. ಗುರುತೇ ಇಲ್ಲದ ಅಸಲಿ ಪಾತ್ರೆಗಳೂ ಸಾಕಷ್ಟಿವೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಮುಚ್ಚಳದ್ದು. ಮಿಂಟನ್ನಿನ ಕೋತಿ ಟೀಪಾಟಿನಲ್ಲಿ ಕೋತಿಯ ತಲೆಯೇ ಮುಚ್ಚಳವಾದ್ದರಿಂದ, ಕತ್ತಿನ ಬಳಿ ಮೆರುಗಿನ ಬಣ್ಣ ಬೇರೆಯಾಗಿ ಕಂಡರೆ ತಲೆ ಬದಲಾಗಿರಬಹುದೆಂದು ಶಂಕಿಸಬೇಕು. ಕಿವಿ, ಬಾಲ, ಕೊಕ್ಕುಗಳ ಮೇಲೆ ನೇರಳಾತೀತ ದೀಪ ಹಾಯಿಸಿದರೆ ಹೊಸ ದುರಸ್ತಿ ಹಲವು ಬಾರಿ ಬೇರೆಯಾಗಿ ಹೊಳೆಯುತ್ತದೆ. ಮೆರುಗಿನಲ್ಲಿ ಸೀಸವಿರುವುದರಿಂದ ಇವುಗಳಲ್ಲಿ ಚಹಾ ಮಾಡಿ ಕುಡಿಯಬಾರದು.