ಇಂಗ್ಲಿಷ್ ಸರ್ವನಾಮಗಳನ್ನು ಕನ್ನಡದ ವಿಭಕ್ತಿಯ ಜಾಡಿನಲ್ಲಿ ಕಲಿಯುವ ಬಗೆ

ಕಲಬುರಗಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುವಾಗ ನಾನು ಸರ್ವನಾಮಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಿಲ್ಲ. ನಾನು, ನನ್ನನ್ನು, ನನಗೆ, ನನ್ನ, ನನ್ನದು ಎಂಬ ರೂಪಗಳನ್ನು ತೊಟ್ಟಿಲಿನಿಂದಲೇ ಬಲ್ಲವರಿಗೆ ಐ, ಮೀ, ಮೈ, ಮೈನ್ ಅಪರಿಚಿತವಲ್ಲ. ಕರ್ತೃವಾದರೆ ಐ, ಹಿ, ಶಿ, ವಿ, ದೇ ಬರುತ್ತವೆ. ಕರ್ಮವಾದರೆ ಅಥವಾ ಟು, ಫಾರ್, ವಿತ್ ಮುಂತಾದವುಗಳ ನಂತರ ಬಂದರೆ ಮೀ, ಹಿಮ್, ಹರ್, ಅಸ್, ದೆಮ್ ಆಗುತ್ತವೆ. ‘ನನ್ನ ಹೊಲ’ ಎನ್ನುವಲ್ಲಿ ಮೈ, ‘ಹೊಲ ನನ್ನದು’ ಎನ್ನುವಲ್ಲಿ ಮೈನ್.

ನಿಜವಾದ ತೊಡಕಿರುವುದು ‘ನನಗೆ’ ಎಂಬಲ್ಲಿ. ಹಸಿವು, ನೋವು, ಇಷ್ಟ, ತಿಳಿವಳಿಕೆ ಇವುಗಳನ್ನು ಅನುಭವಿಸುವವರಿಗೆ ಕನ್ನಡವು ಚತುರ್ಥೀ ವಿಭಕ್ತಿ ಹಚ್ಚುತ್ತದೆ, ಇಂಗ್ಲಿಷ್ ಅವರನ್ನೇ ಕರ್ತೃವಾಗಿಸುತ್ತದೆ. ಆದ್ದರಿಂದ ‘ನನಗೆ ಹಸಿವಾಗಿದೆ’ ಎಂಬುದು ‘ಐ ಯಾಮ್ ಹಂಗ್ರಿ’, ‘ನನಗೆ ಗೊತ್ತು’ ಎಂಬುದು ‘ಐ ನೋ’. ಕೊಡುವ, ಹೇಳುವ, ತೋರಿಸುವ ಇನ್ನೊಬ್ಬರು ವಾಕ್ಯದಲ್ಲಿದ್ದರೆ ಮಾತ್ರ ‘ನನಗೆ’ ಎಂಬುದನ್ನು ಮೀ ಎಂದು ಬರೆಯಿರಿ: ‘ಶಿ ಗೇವ್ ಮೀ ಎ ಬುಕ್’.

ತೊಗರಿ ಬೆಳೆಯುವ ತಂದೆಯ ಕುರಿತು ಪ್ರಬಂಧ ಬರೆದ ವಿದ್ಯಾರ್ಥಿನಿಯೊಬ್ಬಳು ಉದ್ದಕ್ಕೂ ಅವರನ್ನು ‘ದೇ’ ಎಂದು ಕರೆದಿದ್ದಳು. ಕಾರಣ ಕೇಳಿದಾಗ, “ಅಪ್ಪಗ ಹಿ ಅಂದ್ರ ಏಕವಚನ ಆಗ್ತದಲ್ರಿ ಸರ್” ಎಂದಳು. ಅವಳ ಸಂಕೋಚ ಸಹಜವಾದದ್ದು, ಅದನ್ನು ಗದರಿಸಿ ತಿದ್ದಬಾರದು. ‘ಅವನು’ ಮತ್ತು ‘ಅವರು’ ನಡುವಿನ ಗೌರವದ ಅಂತರವನ್ನು ಇಂಗ್ಲಿಷಿನ ಹಿ ಹೊತ್ತಿಲ್ಲ, ಹಾಗಾಗಿ ತಂದೆಗೂ ಗುರುಗಳಿಗೂ ಹಿ ಎನ್ನುವುದರಿಂದ ಅಗೌರವವಾಗದು. ಯು ಎಂಬುದೂ ಹೀಗೆಯೇ. ‘ನೀನು’ ಎನ್ನಲು ಹಿಂದೆ ದೌ ಎಂಬ ಪ್ರತ್ಯೇಕ ಪದವಿತ್ತು, ಅದು ದಿನಬಳಕೆಯಿಂದ ಮರೆಯಾಗಿ ‘ನೀವು’ ಎಂಬರ್ಥದ ಯು ಎಲ್ಲರಿಗೂ ಉಳಿಯಿತು. ವ್ಯಕ್ತಿ ಯಾರೆಂದು ತಿಳಿಯದಾಗ, ಒಬ್ಬರೇ ಇದ್ದರೂ, ದೇ ಬಳಸುವ ರೂಢಿ ಇಂಗ್ಲಿಷಿನಲ್ಲಿದೆ. ಆದರೆ ಅದು ಗೌರವಸೂಚಕವಲ್ಲ.

ಸಂದರ್ಶನದಲ್ಲಿ ‘ಮೈಸೆಲ್ಫ್ ಬಸವರಾಜ’ ಎಂದು ಪರಿಚಯ ಹೇಳಿಕೊಳ್ಳುವುದು ತಪ್ಪು, ‘ಐ ಯಾಮ್ ಬಸವರಾಜ’ ಎನ್ನಬೇಕು. ಕ್ರಿಯೆಯು ಮಾಡಿದವರ ಕಡೆಗೇ ಮರಳಿದಾಗ, ಇಲ್ಲವೇ ‘ನಾನೇ ಮಾಡಿದೆ’ ಎಂದು ಒತ್ತಿ ಹೇಳುವಾಗ ಮಾತ್ರ ಮೈಸೆಲ್ಫ್ ಸಲ್ಲುತ್ತದೆ.

‘ಬೀದರಿಗೆ ಹೋಗಿದ್ದೆ’ ಎಂದರೆ ಹೋದವರು ಯಾರೆಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಶಕ್ತಿಯಿಲ್ಲವಾದ್ದರಿಂದ ಐ ಎಂಬುದನ್ನು ಬಿಡುವಂತಿಲ್ಲ. ಮಳೆ ಸುರಿಯುವುದಕ್ಕೂ ‘ಇಟ್ ಈಸ್ ರೇನಿಂಗ್’ ಎಂದು ಒಂದು ಕರ್ತೃವನ್ನು ಕೂರಿಸಬೇಕು. ‘ನಮಗೆ ಕೋಟೆ ತೋರಿಸಿದ ಹುಡುಗ’ ಎಂಬಲ್ಲಿ ಕನ್ನಡದ ಕೃದಂತ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಹೂ’ (who) ಎಂಬ ಸರ್ವನಾಮ ಮಾಡುತ್ತದೆ: ‘ದ ಬಾಯ್ ಹೂ ಶೋಡ್ ಅಸ್ ದ ಫೋರ್ಟ್’. ಹೂ ಬಂದ ಮೇಲೆ ಮತ್ತೆ ಹಿ ಸೇರಿಸಬೇಡಿ. ವಸ್ತುಗಳಿಗೆ ವಿಚ್ ಅಥವಾ ದಟ್ ಬರುತ್ತದೆ.

‘ಅದರ’ ಎಂಬರ್ಥದ ಇಟ್ಸ್ (its) ಮತ್ತು ‘ಇಟ್ ಈಸ್’ ಎಂಬುದರ ಹ್ರಸ್ವರೂಪವಾದ ಇಟ್ಸ್ (it's) ಕಿವಿಗೆ ಒಂದೇ, ಬರವಣಿಗೆಯಲ್ಲಿ ಬೇರೆ. ಬಿದರಿ ಹೂಜಿಯ ಹೊಳಪಿನ ಬಗ್ಗೆ ಬರೆಯುವಾಗ ಇಟ್ಸ್ ಬಂದರೆ ಅದನ್ನು ‘ಇಟ್ ಈಸ್’ ಎಂದು ಬಿಡಿಸಿ ಓದಿ. ಅರ್ಥ ಕೂಡಿದರೆ ಮಾತ್ರ ಲೋಪಚಿಹ್ನೆ (ಅಪಾಸ್ಟ್ರಫಿ) ಹಾಕಿ.