ದೊಡ್ಡ ಸರ್ವರ್ ಕೊಳ್ಳದೆ ನಮ್ಮ ಕಥೆಗಳ ಸೈಟ್ ವೇಗವಾಗಿದ್ದು

ಗೆಳೆಯರ ಜೊತೆ ಸೇರಿ ಕನ್ನಡ ಕಥೆಗಳ ಒಂದು ಚಿಕ್ಕ ವೆಬ್‌ಸೈಟ್ ನಡೆಸುತ್ತೇನೆ. ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್, ಅದು ಇರುವುದು 1 ಜಿಬಿ ರ‍್ಯಾಮ್ ಇರುವ ಬಾಡಿಗೆ ಸರ್ವರ್. ಹಗಲೆಲ್ಲ ಚೆನ್ನಾಗೇ ಇರುತ್ತಿತ್ತು. ಸಂಜೆ ಹೊಸ ಕಥೆ ಹಾಕಿ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸಿದ ಕೂಡಲೇ ಪುಟ ತೆರೆಯಲು ಹದಿನೈದು ಸೆಕೆಂಡು, ಆಮೇಲೆ 504 ಎರರ್, ಅಂದರೆ ಹೊತ್ತಿಗೆ ಸರಿಯಾಗಿ ಉತ್ತರ ಬರಲಿಲ್ಲ ಅಂತ. ಓದಬೇಕು ಅಂತ ಬಂದವರು ಹಾಗೇ ವಾಪಸ್ ಹೋಗುತ್ತಾರಲ್ಲ, ಅದು ನಿಜಕ್ಕೂ ಸಂಕಟ.

ದೊಡ್ಡ ಸರ್ವರ್ ತಗೋ ಅಂದರು ಎಲ್ಲರೂ. ಅದಕ್ಕೆ ಮುಂಚೆ ಒಂದು ಸಂಜೆ ಲಿಂಕ್ ಕಳಿಸಿ, ಸರ್ವರ್‌ನಲ್ಲಿ ಯಾವುದು ಎಷ್ಟು ಸಿಪಿಯು, ಮೆಮೊರಿ ಬಳಸುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿ ನೋಡುತ್ತಾ ಕೂತೆ. ಸಿಪಿಯುಗೆ ಅಷ್ಟೇನೂ ಕೆಲಸ ಇಲ್ಲ, ಆದರೆ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ, ನಿಧಾನದ ಡಿಸ್ಕ್ ಜಾಗ) ತುಂಬುತ್ತಿದೆ. ವರ್ಡ್‌ಪ್ರೆಸ್‌ನ ಪಿಎಚ್‌ಪಿ ಕೋಡ್ ಓಡಿಸಿ ಪುಟ ತಯಾರಿಸುವ ಪಿಎಚ್‌ಪಿ ಎಫ್‌ಪಿಎಂನ ಸೆಟ್ಟಿಂಗ್ ತೆಗೆದು ನೋಡಿದರೆ ಮ್ಯಾಕ್ಸ್ ಚಿಲ್ಡ್ರನ್, ಅಂದರೆ ಒಟ್ಟಿಗೆ ಎಷ್ಟು ಪ್ರೊಸೆಸ್ ಏಳಬಹುದು ಅನ್ನುವುದು, 50 ಅಂತ ಇತ್ತು. ಒಂದೊಂದು ಪ್ರೊಸೆಸ್ ಸುಮಾರು 60 ಎಂಬಿ ತಿನ್ನುತ್ತಿತ್ತು. ಐವತ್ತೂ ಎದ್ದರೆ 3000 ಎಂಬಿ ಬೇಕು. ಇರುವುದೇ 1 ಜಿಬಿ, ಅದರಲ್ಲಿ ಡೇಟಾಬೇಸ್‌ಗೂ ಪಾಲು.

50 ಇದ್ದದ್ದನ್ನು 8 ಮಾಡಿದೆ. ಕಡಿಮೆ ಮಾಡಿದರೆ ಇನ್ನೂ ನಿಧಾನ ಆಗಲ್ವಾ ಅನಿಸಬಹುದು, ಆದರೆ ಎಂಟೇ ಎಲೆ ಹಾಕಿ ಬೇಗ ಬಡಿಸಿ ಎಬ್ಬಿಸಿದರೆ ಮುಂದಿನ ಪಂಕ್ತಿಯವರಿಗೂ ಬೇಗ ಊಟ ಸಿಗುತ್ತದೆ, ಐವತ್ತು ಎಲೆ ಹಾಕಿ ಯಾರಿಗೂ ಸರಿಯಾಗಿ ಬಡಿಸಲಾಗದಿದ್ದರೆ ಎಲ್ಲರೂ ಹಸಿದೇ ಕೂರಬೇಕು. ಅಷ್ಟಕ್ಕೇ 504 ನಿಂತಿತು.

ಜಾಸ್ತಿ ವೇಗ ಕೊಟ್ಟಿದ್ದು ಎಂಜಿನ್‌ಎಕ್ಸ್‌ನ (ಓದುಗರಿಗೆ ಪುಟ ಕಳಿಸುವ ವೆಬ್ ಸರ್ವರ್ ತಂತ್ರಾಂಶ) ಫಾಸ್ಟ್‌ಸಿಜಿಐ ಕ್ಯಾಶ್, ಅಂದರೆ ಪಿಎಚ್‌ಪಿ ಒಮ್ಮೆ ಮಾಡಿಕೊಟ್ಟ ಪುಟವನ್ನು ಇಟ್ಟುಕೊಂಡು ಮತ್ತೆ ಮತ್ತೆ ಕೊಡುವುದು. ಎಲ್ಲರೂ ಓದುವುದು ಅದೇ ಕಥೆ, ಪ್ರತಿ ಸಲ ಪಿಎಚ್‌ಪಿ ಯಾಕೆ ಓಡಬೇಕು? ಪುಟವನ್ನು ಐದು ನಿಮಿಷ ಇಟ್ಟುಕೊಂಡರೂ ಸಾಕು. ಲಾಗಿನ್ ಆದವರ ಕುಕಿ (ಬ್ರೌಸರ್ ಕಳಿಸುವ ಗುರುತು) ಕಂಡರೆ ಮಾತ್ರ ಕ್ಯಾಶ್ ಬಳಸಬಾರದು, ಇಲ್ಲದಿದ್ದರೆ ಒಬ್ಬರ ಪುಟದ ಮೇಲಿನ ಅಡ್ಮಿನ್ ಪಟ್ಟಿ ಇನ್ನೊಬ್ಬರಿಗೆ ಕಾಣುತ್ತದೆ, ಹುಷಾರು.

ಇನ್ನು ಫಾಂಟ್. ಕನ್ನಡ ಸೈಟ್ ಮಾಡುವವರು ಇದನ್ನು ಗಮನವಿಟ್ಟು ನೋಡಿ. ಪುಟ ಬೇಗ ತೆರೆಯಲಿ ಅಂತ, ಫಾಂಟ್ ಫೈಲ್ ಚಿಕ್ಕದು ಮಾಡಲು ಒಂದು ಆನ್‌ಲೈನ್ ಟೂಲ್‌ಗೆ ಹಾಕಿದೆ. ಫೈಲ್ ಚಿಕ್ಕದಾಯಿತು, ಆದರೆ ‘ಅಮ್ಮ’ ಹೋಗಿ ‘ಅಮ್‌ಮ’ ಆಯಿತು! ಒತ್ತಕ್ಷರ ಕೂಡಿಸುವ ನಿಯಮಗಳು ಫಾಂಟ್ ಒಳಗಿನ ಜಿಸಬ್ ಟೇಬಲ್‌ನಲ್ಲಿ ಇರುತ್ತವೆ, ಆ ಟೂಲ್ ಅದನ್ನೇ ಕಿತ್ತುಹಾಕಿತ್ತು. ಆಮೇಲೆ ಫಾಂಟ್‌ಟೂಲ್ಸ್ ಎಂಬ ತಂತ್ರಾಂಶ ಬಳಸಿ, ಲೇಔಟ್ ಫೀಚರ್‌ಗಳನ್ನೆಲ್ಲ (ಅಂದರೆ ಇಂಥ ಜೋಡಣೆಯ ನಿಯಮಗಳನ್ನು) ಉಳಿಸಿಕೊಂಡು, ಕನ್ನಡ ಅಕ್ಷರ, ಅಂಕಿ, ಚಿಹ್ನೆಗಳನ್ನಷ್ಟೇ ಇಟ್ಟು ವೆಬ್‌ಗಾಗಿ ಕುಗ್ಗಿಸಿದ ವಾಫ್2 ಫೈಲ್ ಮಾಡಿದೆ. ‘ರ‍್ಯಾಮ್’ ಥರದ ಪದ ಬರೆಯಲು ಬೇಕಾಗುವ, ಕಣ್ಣಿಗೆ ಕಾಣದ ಜಾಯಿನರ್ ಅಕ್ಷರವನ್ನೂ ಬಿಡಬಾರದು.

ಈಗ ಫಾಂಟ್ ಮುಟ್ಟಿದಾಗಲೆಲ್ಲ ‘ಸ್ತ್ರೀ, ರಾಷ್ಟ್ರ, ಸೂರ್ಯ, ರ‍್ಯಾಲಿ’ ಅಂತ ಬರೆದಿಟ್ಟ ಒಂದು ಪುಟವನ್ನು ಅಮ್ಮನ ಹಳೇ ಫೋನ್‌ನಲ್ಲಿ ತೆರೆದು ನೋಡಿಯೇ ಲೈವ್ ಮಾಡುತ್ತೇನೆ.