ಅರಮನೆ ಮೇಲಿನ ನೀಲಿ: ನಾನು ಕೆಡಿಸಿದ್ದು, ಆಮೇಲೆ ಸರಿ ಮಾಡಿದ್ದು

"ಇದೇನೋ ಇದು, ಆಕಾಶಾನ ಬಟ್ಟೆಗೆ ಹಾಕೋ ನೀಲೀಲಿ ಅದ್ದಿ ಒಣಹಾಕಿದ ಹಾಗಿದೆ" ಅಂದಳು ಅಕ್ಕ. ಅವಳ ಹೊಸ ಮನೆಯ ಹಾಲ್‌ಗೆ ಅಂತ ಮೈಸೂರು ಅರಮನೆಯ ಫೋಟೊ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ತಂದಿದ್ದೆ. ಗೋಡೆಗೆ ಒರಗಿಸಿ ದೂರ ನಿಂತು ನೋಡಿದೆ. ಅವಳು ಹೇಳಿದ್ದು ನಿಜ. ಆಕಾಶ ನೀಲಿ ದಾಟಿ ನೇರಳೆಗೆ ತಿರುಗಿತ್ತು, ಗುಮ್ಮಟಗಳ ಸುತ್ತ ಬೆಳ್ಳಗೆ ಒಂದು ಗೆರೆ ಬೇರೆ.

ತಪ್ಪು ಎಲ್ಲಾಯಿತು ಅಂತ ಹುಡುಕಿದರೆ ಸಿಕ್ಕಿದ್ದು ನಾಚಿಕೆಗೇಡಿನ ಕಾರಣ. ರಾತ್ರಿ 11ಕ್ಕೆ ಎಡಿಟ್ ಮಾಡಲು ಕೂತಿದ್ದೆ, ಲ್ಯಾಪ್‌ಟಾಪ್‌ನಲ್ಲಿ ನೈಟ್ ಲೈಟ್ ಆನ್ ಆಗಿತ್ತು. ಪರದೆಯ ನೀಲಿಯನ್ನು ತಗ್ಗಿಸುವುದೇ ಅದರ ಕೆಲಸ. ನಾನು ಆ ಹಳದಿ ಪರದೆ ಮುಂದೆ ಕೂತು, ನೀಲಿ ಇನ್ನೂ ಸಾಲದು ಅಂದುಕೊಂಡು ಸ್ಯಾಚುರೇಶನ್, ಅಂದರೆ ಬಣ್ಣದ ತೀವ್ರತೆ, ಎಳೆಯುತ್ತಲೇ ಹೋಗಿದ್ದೆ. ಈಗ ಫೋಟೊ ತೆರೆಯುವ ಮುಂಚೆ ಅದನ್ನು ಆಫ್ ಮಾಡುವುದು ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟು ಅಭ್ಯಾಸವಾಗಿದೆ.

ಪುಣ್ಯಕ್ಕೆ ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನು ಹಾಗೇ ಇಟ್ಟುಕೊಂಡ ಮೂಲ ಫೈಲ್, ಇತ್ತು. ಇಲ್ಲಿ ಒಂದು ಮಾತು. ಎಡಿಟಿಂಗ್‌ನಲ್ಲಿ ನೀಲಿ ಬರಬೇಕಾದರೆ ಕ್ಯಾಮೆರಾದೊಳಗೆ ಒಂದಿಷ್ಟಾದರೂ ನೀಲಿ ಬಿದ್ದಿರಬೇಕು. ಭಾನುವಾರ ಅರಮನೆ ದೀಪ ಹತ್ತುವುದು ಸಂಜೆ 7ಕ್ಕೆ. ನವೆಂಬರ್‌ನಲ್ಲಿ 6ಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ, ದೀಪ ಹತ್ತುವಾಗ ಆಕಾಶ ಕಪ್ಪು, ಏನು ಎಳೆದರೂ ಬರೀ ನಾಯ್ಸ್, ಅಂದರೆ ಮರಳು ಎರಚಿದಂಥ ಚುಕ್ಕೆಗಳು. ಮೇ ಕೊನೆಯಲ್ಲಾದರೆ ಸೂರ್ಯ ಮುಳುಗುವುದು 6:40ರ ಸುಮಾರಿಗೆ, ಹಾಗಾಗಿ 7ರಿಂದ 7:10ರವರೆಗೆ ದೀಪದ ಹಳದಿಯೂ ಸಿಗುತ್ತದೆ, ಆಕಾಶದ ನೀಲಿಯೂ ಸಿಗುತ್ತದೆ. ಮಧ್ಯಾಹ್ನ ಒಂದು ಮಳೆ ಬಿದ್ದು ಧೂಳು ತೊಳೆದಿದ್ದರಂತೂ ಕೇಳಲೇಬೇಡಿ. ನನ್ನದು ಅಂಥ ದಿನದ ಫೋಟೊ. ಟ್ರೈಪಾಡ್ ಮೇಲೆ ಕ್ಯಾಮೆರಾ, ಸೆಟ್ಟಿಂಗ್ ಐಎಸ್‌ಒ 100, ಎಫ್ 8, ಅಷ್ಟೆ.

ಮತ್ತೆ ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮೊದಲಿಂದ ಶುರು ಮಾಡಿದೆ. ವೈಟ್ ಬ್ಯಾಲೆನ್ಸ್, ಅಂದರೆ ಫೋಟೊ ಹಳದಿಗೆ ವಾಲಬೇಕೋ ನೀಲಿಗೋ ಅನ್ನುವ ಟೆಂಪರೇಚರ್ ಅಂಕೆ, 3800 ಕೆಲ್ವಿನ್‌ಗೆ ಇಳಿಸಿದಾಗ ಆಕಾಶ ಚೆನ್ನಾಯಿತು, ಆದರೆ ದೀಪಗಳು ಟ್ಯೂಬ್‌ಲೈಟ್ ಥರ ಬಿಳಿಚಿಕೊಂಡವು. ನೀಲಿ, ಹಳದಿ ಎದುರಾಬದುರು ಬಣ್ಣಗಳು, ಒಂದನ್ನು ಏರಿಸಿದರೆ ಇನ್ನೊಂದು ಸಾಯುತ್ತದೆ. ಅದಕ್ಕೇ ಪೂರ್ತಿ ಫೋಟೊವನ್ನು 4600ರಲ್ಲಿ ಬಿಟ್ಟು, ಆಕಾಶವನ್ನು ಮಾತ್ರ ಬೇರೆಯಾಗಿ ಆರಿಸುವ ಮಾಸ್ಕ್ ಹಾಕಿ ಅಲ್ಲಿ ಟೆಂಪರೇಚರ್ ಇಳಿಸಿದೆ.

ಆಮೇಲೆ ಒಂದೊಂದೇ ಬಣ್ಣವನ್ನು ಬೇರೆಬೇರೆಯಾಗಿ ತಿದ್ದುವ ಕಲರ್ ಮಿಕ್ಸರ್. ಹಳೆಯ ಎಡಿಟ್ ತೆಗೆದು ನೋಡಿದರೆ ನೀಲಿಯ ಸ್ಯಾಚುರೇಶನ್ +70 ಇತ್ತು, ಲೂಮಿನನ್ಸ್, ಅಂದರೆ ಆ ಬಣ್ಣದ ಬೆಳಕು, -60. ನನಗೇ ನಗು ಬಂತು. ಈ ಸಲ ಬಣ್ಣದ ಛಾಯೆ ಬದಲಿಸುವ ಹ್ಯೂ -8, ಅಂದರೆ ನೇರಳೆಯಿಂದ ಸ್ವಲ್ಪ ಈಚೆಗೆ, ಹಸಿರು ಕಡೆಗೆ. ಲೂಮಿನನ್ಸ್ -15. ಸ್ಯಾಚುರೇಶನ್ ಬರೀ +10. ಬಣ್ಣ ಗಾಢವಾಗಿ ಕಾಣಲು ಬಣ್ಣವನ್ನೇ ಸುರಿಯಬೇಕಿಲ್ಲ, ಬೆಳಕು ಸ್ವಲ್ಪ ತಗ್ಗಿಸಿದರೆ ಅರ್ಧ ಕೆಲಸ ಆಗುತ್ತದೆ. ನನ್ನ ಮಟ್ಟಿಗೆ ಇದು ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು.

ಆ ಬಿಳಿ ಗೆರೆಯ ಗುಟ್ಟೂ ಇಲ್ಲೇ ಇತ್ತು. 200 ಪರ್ಸೆಂಟ್ ಜೂಮ್ ಮಾಡಿ ನೋಡಿ. ಗುಮ್ಮಟದ ಅಂಚಿನ ಪಿಕ್ಸೆಲ್‌ಗಳಲ್ಲಿ ದೀಪದ ಹಳದಿಯೂ ಆಕಾಶದ ನೀಲಿಯೂ ಬೆರೆತಿರುತ್ತವೆ. ಲೂಮಿನನ್ಸ್ ಸ್ಲೈಡರ್ ನೀಲಿಯನ್ನು ಕಪ್ಪಾಗಿಸುತ್ತದೆ, ಈ ಬೆರಕೆ ಪಿಕ್ಸೆಲ್‌ಗಳನ್ನು ಹಾಗೇ ಬಿಡುತ್ತದೆ. -20 ದಾಟಿದರೆ ಅದು ಗೆರೆಯಾಗಿ ಎದ್ದು ಕಾಣುತ್ತದೆ, ಕನಿಷ್ಠ ನನ್ನ ಫೋಟೊದಲ್ಲಿ. ಹಳೆಯ ಎಡಿಟ್‌ನ ಆಕಾಶದಲ್ಲಿ ಕಾಳು ಕಾಳಾಗಿ ನಾಯ್ಸ್ ಬಂದಿದ್ದಕ್ಕೂ ಕಾರಣ ನೀಲಿಯನ್ನು ಅತಿಯಾಗಿ ಎಳೆದದ್ದೇ: ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಾಮಾನ್ಯ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗೆ ಎರಡು ಹಸಿರು, ಒಂದು ಕೆಂಪು, ನೀಲಿ ಒಂದೇ ಒಂದು. ಇರೋದೇ ಕಡಿಮೆ, ಅದನ್ನೇ ಹಿಂಡಿದರೆ ಏನು ಬರುತ್ತೆ ಹೇಳಿ.

ಪ್ರಿಂಟ್‌ಗೆ ಕೊಡುವ ಮುಂಚೆ, ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆ ಅಂತ ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್ ಆನ್ ಮಾಡಿ ನೋಡಿದೆ. ಪರದೆಯಲ್ಲಿ ಹೊಳೆಯುವ ಕಡುನೀಲಿ ಎಷ್ಟೋ ಸಲ ಶಾಯಿಯಲ್ಲಿ ಬರುವುದೇ ಇಲ್ಲ, ಮಂಕಾಗುತ್ತದೆ, ಇಲ್ಲವೇ ನೇರಳೆಗೆ ಜಾರುತ್ತದೆ. ಇನ್ನೂ ಸ್ವಲ್ಪ ಸ್ಯಾಚುರೇಶನ್ ಇಳಿಸಿ, ಮೊದಲು 6 ಬೈ 4ರ ಒಂದು ಸಣ್ಣ ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ಕಿಟಕಿ ಪಕ್ಕ ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ಹೇಳಿದೆ.

ಹೊಸದು ಈಗ ಅಕ್ಕನ ಹಾಲ್‌ನಲ್ಲಿದೆ. ಎಡಗಡೆ ಗುಮ್ಮಟದ ಹತ್ತಿರ ಕೂದಲೆಳೆಯಷ್ಟು ಬಿಳಿ ಗೆರೆ ಇನ್ನೂ ಉಳಿದಿದೆ. ನಾನು ಅವಳಿಗೆ ತೋರಿಸಿಲ್ಲ.